ಕಲ್ಲಿನ ಧೂಳು ಎದೆಯಲ್ಲೇ ನಿಲ್ಲುವುದಿಲ್ಲ

ಹಿಂದಿನ ಸಂಚಿಕೆಯಲ್ಲಿ ಒಂದು ಪ್ರಶ್ನೆಗೆ ಉತ್ತರಿಸುವಾಗ, ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ ಧೂಳು ಒಳಹೊಕ್ಕ ಇಲಿಗಳಲ್ಲಿ ಶ್ವಾಸಕೋಶದ ಜೊತೆಗೆ ಮೂತ್ರಪಿಂಡವೂ ಕೆಡುತ್ತದೆ ಎಂದು ಬರೆದಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರಗಳು ಬರುತ್ತವೆ ಎಂದು ನಿರೀಕ್ಷಿಸಿರಲಿಲ್ಲ. ಕಲ್ಲು ಕತ್ತರಿಸುವವರು, ಅವರ ಮನೆಯವರು, ವಿದ್ಯಾರ್ಥಿಗಳು ಬರೆದಿದ್ದಾರೆ. ಇಲಿಗಳ ಶ್ವಾಸಕೋಶವನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ವೃತ್ತಿ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬಹಳ ವರ್ಷಗಳಿಂದ ಗ್ರಾನೈಟ್ ಕತ್ತರಿಸಿ ಪಾಲಿಶ್ ಮಾಡುವ ಕೆಲಸದಲ್ಲಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಬೆಳಗ್ಗೆ ಏಳುವಾಗ ಬೆರಳುಗಳ ಗೆಣ್ಣು ಬಿಗಿದುಕೊಂಡಿರುತ್ತವೆ. ತಣ್ಣೀರು ತಾಗಿದರೆ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಯಾಗುತ್ತವೆ. ಎದೆಗೆ ಒಬ್ಬ ವೈದ್ಯರು, ಕೀಲಿಗೆ ಇನ್ನೊಬ್ಬರು ನೋಡುತ್ತಿದ್ದಾರೆ. ಇಬ್ಬರೂ ಇದು ಬೇರೆ, ಅದು ಬೇರೆ ಎನ್ನುತ್ತಾರೆ. ನಿಜವೇ?

ಉತ್ತರ: ಎರಡೂ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಇದೆ. ಆ ಸಾಧ್ಯತೆಯನ್ನು ಪರೀಕ್ಷಿಸದೆ ಬಿಡಬಾರದು. ಪತ್ರ ಓದಿ ಕಾಯಿಲೆಯ ಹೆಸರು ಹೇಳಲು ನನಗೆ ಆಗದು, ಯಾರಿಗೂ ಆಗಬಾರದು. ಆದರೆ ನಿಮ್ಮ ವೈದ್ಯರಿಬ್ಬರ ಮುಂದೆಯೂ ಇಡಬೇಕಾದ ಮಾತುಗಳನ್ನು ಹೇಳುತ್ತೇನೆ.

ಈ ನಂಟು ಹೊಸದಾಗಿ ಕಂಡದ್ದಲ್ಲ. 1914ರಲ್ಲಿ ಎಡಿನ್‌ಬರೋದ ವೈದ್ಯ ಬೈರಮ್ ಬ್ರಾಮ್‌ವೆಲ್, ಚರ್ಮ ಗಡುಸಾಗುವ ಸ್ಕ್ಲೆರೋಡರ್ಮಾ ಎಂಬ ಅಪರೂಪದ ಕಾಯಿಲೆ ಕಲ್ಲುಕುಟಿಗರಲ್ಲಿ ಮತ್ತೆ ಮತ್ತೆ ಕಾಣುತ್ತಿದೆ ಎಂದು ಬರೆದರು. ಚಳಿಯಲ್ಲಿ ತಣ್ಣಗಿನ ಉಳಿ ಹಿಡಿಯುವುದು ಕಾರಣವಿರಬಹುದೆಂದು ಅವರ ಊಹೆ. ಆಗ ಯಾರೂ ಧೂಳಿನ ಕಡೆ ಬೆರಳು ತೋರಿಸಲಿಲ್ಲ. 1953ರಲ್ಲಿ ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಎದೆಯ ಎಕ್ಸ್‌ರೇಗಳನ್ನು ನೋಡುತ್ತಿದ್ದ ಆಂಟನಿ ಕ್ಯಾಪ್ಲನ್, ರುಮಟಾಯ್ಡ್ ಸಂಧಿವಾತ ಇದ್ದವರ ಶ್ವಾಸಕೋಶದಲ್ಲಿ ಬೇರೆಯವರಲ್ಲಿ ಇಲ್ಲದ ದುಂಡನೆಯ ಗಂಟುಗಳನ್ನು ಕಂಡರು. ಅದನ್ನು ಇಂದಿಗೂ ಕ್ಯಾಪ್ಲನ್ ಸಿಂಡ್ರೋಮ್ ಎಂದೇ ಕರೆಯುತ್ತಾರೆ. 1957ರಲ್ಲಿ ಎರಾಸ್ಮಸ್ ಎಂಬ ವೈದ್ಯರು ದಕ್ಷಿಣ ಆಫ್ರಿಕದ ಚಿನ್ನದ ಗಣಿ ಕಾರ್ಮಿಕರಲ್ಲಿ ಸ್ಕ್ಲೆರೋಡರ್ಮಾವನ್ನು ವರದಿ ಮಾಡಿದರು. ಆಮೇಲೆ ಚರ್ಮ, ಕೀಲು, ಮೂತ್ರಪಿಂಡಗಳನ್ನೆಲ್ಲ ಕಾಡುವ ಲೂಪಸ್, ಮೂತ್ರಪಿಂಡದ ಕಾಯಿಲೆ ಒಂದೊಂದಾಗಿ ಈ ಪಟ್ಟಿಗೆ ಸೇರಿದವು. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಆಗುವುದು ಒಂದೇ: ಹೊರಗಿನ ರೋಗಾಣುವಿನಿಂದ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಅಂಗಾಂಶವನ್ನೇ ಪರಕೀಯವೆಂದು ಎಣಿಸುತ್ತದೆ. ಇದನ್ನು ಸ್ವಯಂನಿರೋಧಕ ಕಾಯಿಲೆ ಎನ್ನುತ್ತೇವೆ.

ನೂರು ವರ್ಷ ದಾಟಿದ ಈ ಮಾಹಿತಿ ಕೀಲು ನೋವಿನ ರೋಗಿಯನ್ನು ನೋಡುವ ಎಷ್ಟೋ ಕೊಠಡಿಗಳಿಗೆ ಇನ್ನೂ ತಲುಪಿಲ್ಲ ಎಂಬುದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ರೋಗಿಯ ವಯಸ್ಸು ಕೇಳುತ್ತಾರೆ, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುತ್ತಾರೆ. ಯಾವ ಕೆಲಸ, ಎಷ್ಟು ವರ್ಷ, ಒಣ ಕಟಿಂಗೋ ನೀರು ಹಾಕಿಯೋ ಎಂದು ಕೇಳುವವರು ಕಡಿಮೆ. ಅವರು ಕೇಳದಿದ್ದರೆ ನೀವೇ ಹೇಳಿ. ಒಂದು ಹಾಳೆಯಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಕಲ್ಲು, ಯಾವ ಯಂತ್ರ ಎಂದು ಬರೆದು ಇಬ್ಬರಿಗೂ ಕೊಡಿ. ಬೆರಳು ಬೆಳ್ಳಗಾಗುವುದಕ್ಕೆ ಯಂತ್ರದ ನಡುಕವೂ ಕಾರಣವಾಗಬಹುದು. ವರ್ಷಗಟ್ಟಲೆ ಗ್ರೈಂಡರ್ ಹಿಡಿದವರಲ್ಲಿ ಅದು ಬೇರೆಯಾಗಿಯೇ ಬರುತ್ತದೆ. ಆದ್ದರಿಂದ ಯಂತ್ರದ ವಿವರವೂ ಆ ಹಾಳೆಯಲ್ಲಿರಲಿ.

ಎದೆಯ ಸಿ.ಟಿ. ಸ್ಕ್ಯಾನ್, ಉಸಿರಿನ ಸಾಮರ್ಥ್ಯದ ಪರೀಕ್ಷೆ, ಕ್ಷಯದ ತಪಾಸಣೆ, ರಕ್ತದಲ್ಲಿ ಎ.ಎನ್.ಎ., ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆಂಟಿ ಸಿ.ಸಿ.ಪಿ. (ಸ್ವಂತ ದೇಹದ ಮೇಲೆ ತಿರುಗಿದ ಪ್ರತಿಕಾಯ ಎಂಬ ರಕ್ಷಣಾ ಪ್ರೋಟೀನುಗಳನ್ನು ಪತ್ತೆಹಚ್ಚುವ ಪರೀಕ್ಷೆಗಳು), ಮೂತ್ರದಲ್ಲಿ ಪ್ರೋಟೀನ್: ಇವು ಬೇಕೇ ಎಂದು ಕೇಳಿ. ಕ್ಷಯವನ್ನು ಹೆಸರಿಸಲು ಕಾರಣವಿದೆ. ಸಿಲಿಕಾ ತುಂಬಿದ ಶ್ವಾಸಕೋಶದಲ್ಲಿ ಕ್ಷಯ ಸುಲಭವಾಗಿ ಬೇರೂರುತ್ತದೆ. ಕೀಲು ನೋವಿಗೆ ಕೊಡುವ ಕೆಲವು ಔಷಧಗಳು ಅಡಗಿದ್ದ ಕ್ಷಯವನ್ನು ಎಬ್ಬಿಸುತ್ತವೆ. ಇಬ್ಬರು ವೈದ್ಯರೂ ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಲೇಬೇಕಾದದ್ದು ಇದಕ್ಕಾಗಿ. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಇಂದೇ ಬಿಡಿ. ಸಿಲಿಕಾ ಮತ್ತು ಹೊಗೆ ಎರಡೂ ಸೇರಿದಾಗ ಸಂಧಿವಾತದ ಅಪಾಯ ಒಂದೊಂದರ ಅಪಾಯಕ್ಕಿಂತ ಬಹಳ ಹೆಚ್ಚುತ್ತದೆ.

ಪ್ರಶ್ನೆ: ಕಲ್ಲಿನ ಪುಡಿ ಜೀವವಿಲ್ಲದ ವಸ್ತು. ಅದು ರೋಗಾಣುವಲ್ಲ, ವಿಷವೂ ಅಲ್ಲ. ಅದು ಹೇಗೆ ದೇಹವನ್ನು ದೇಹದ ಮೇಲೆಯೇ ತಿರುಗಿಸುತ್ತದೆ? ಇಲಿಗಳಲ್ಲಿ ಇದನ್ನು ಹೇಗೆ ನೋಡುತ್ತಾರೆ? (ಜೀವಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ)

ಉತ್ತರ: ಈ ಪ್ರಶ್ನೆಗೆ ನಿಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ಇದರೊಳಗೇ ಎಲ್ಲವೂ ಇದೆ.

ಧೂಳಿನ ಕಣ ಸುಮಾರು 5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಚಿಕ್ಕದಾದರೆ ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಳ್ಳದೆ ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅಲ್ಲಿ ಕಸ ಹೊರದೂಡುವ ಸಿಲಿಯಾ ಎಂಬ ಸೂಕ್ಷ್ಮ ಕೂದಲುಗಳಿಲ್ಲ. ಇರುವುದು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು. ಬಂದದ್ದನ್ನು ನುಂಗಿ, ತಮ್ಮೊಳಗಿನ ಲೈಸೋಸೋಮ್ ಎಂಬ ಚೀಲದಲ್ಲಿ ಕಿಣ್ವಗಳಿಂದ ಕರಗಿಸುವುದು ಅವುಗಳ ಕೆಲಸ. ಬ್ಯಾಕ್ಟೀರಿಯಾ ಕರಗುತ್ತದೆ. ಸ್ಫಟಿಕ ಸಿಲಿಕಾ ಕರಗುವುದಿಲ್ಲ. ಅದರ ಮೇಲ್ಮೈ ಲೈಸೋಸೋಮಿನ ಪೊರೆಯನ್ನು ಹರಿಯುತ್ತದೆ, ಒಳಗಿನ ಕಿಣ್ವಗಳು ಕೋಶದೊಳಗೇ ಚೆಲ್ಲುತ್ತವೆ. ಆಗ ಎನ್ಎಲ್ಆರ್‌ಪಿ-3 ಎಂಬ ಪ್ರೋಟೀನಿನ ಸುತ್ತ ಇನ್‌ಫ್ಲಮಸೋಮ್ ಎನ್ನುವ ರಚನೆ ಕಟ್ಟಿಕೊಂಡು, ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶ ಹೊರಬೀಳುತ್ತದೆ. 2008ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿದವು. ಕೋಶ ಸಾಯುತ್ತದೆ, ಕಣ ಮಾತ್ರ ಹಾಗೇ ಉಳಿದು ಹೊರಬರುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಬಂದು ಅದನ್ನೇ ನುಂಗುತ್ತದೆ, ಅದೂ ಸಾಯುತ್ತದೆ. ಒಂದೇ ಗುಂಡುಸೂಜಿಯನ್ನು ಒಬ್ಬರಾದ ಮೇಲೊಬ್ಬರು ನುಂಗುತ್ತಾ ಹೋದಂತೆ ಇದು ವರ್ಷಗಟ್ಟಲೆ ನಡೆಯುತ್ತದೆ.

ಗಾಯ ಮಾಯಿಸಲೆಂದು ದೇಹ ಸುತ್ತಲೂ ಕೊಲಾಜನ್ ನಾರು ಹೆಣೆಯುತ್ತದೆ. ಅದು ಗಡುಸಾದ ಗಂಟಾಗುತ್ತದೆ. ಸಿಲಿಕೋಸಿಸ್ ಎಂದರೆ ಇದೇ. ಇಲ್ಲಿಯವರೆಗಿನದು ಪಠ್ಯಪುಸ್ತಕದಲ್ಲೂ ಇದೆ. ಸತ್ತ ಕೋಶಗಳಿಂದ ಇನ್ನೇನು ಹೊರಬೀಳುತ್ತದೆ ಎಂದು ಯೋಚಿಸಿ. ಕೋಶಕೇಂದ್ರದ ಡಿ.ಎನ್.ಎ., ಅದಕ್ಕೆ ಅಂಟಿದ ಹಿಸ್ಟೋನ್ ಪ್ರೋಟೀನುಗಳು. ಆರೋಗ್ಯವಂತ ದೇಹದಲ್ಲಿ ಇವು ಸತ್ತ ಕೋಶದೊಡನೆ ಸದ್ದಿಲ್ಲದೆ ತೆರವಾಗುತ್ತವೆ. ಸಿಲಿಕಾ ಇರುವಲ್ಲಿ ತೆರವು ಮಾಡಬೇಕಾದ ಕೋಶಗಳೇ ಸಾಯುತ್ತಿರುವುದರಿಂದ ಇವು ರಾಶಿಬೀಳುತ್ತವೆ, ಅದೂ ಉರಿಯೂತದ ನಡುವೆ. 2018ರಲ್ಲಿ ಪ್ರಕಟವಾದ ಇಲಿಗಳ ಒಂದು ಅಧ್ಯಯನ, ಹೀಗೆ ಚೆಲ್ಲಿದ ಸ್ವಂತ ಡಿ.ಎನ್.ಎ.ಯನ್ನು ಸ್ಟಿಂಗ್ ಎಂಬ ಸಂವೇದಕ ಗುರುತಿಸುವುದರಿಂದಲೇ ಉರಿಯೂತ ಹೆಚ್ಚುತ್ತದೆ ಎಂದು ತೋರಿಸಿತು.

ಈಗ ಇಲಿಗಳಿಗೆ ಬರೋಣ. ನ್ಯೂಜಿಲೆಂಡ್‌ನಲ್ಲಿ ಬೆಳೆಸಿದ ಒಂದು ಕಪ್ಪು ತಳಿ, ಒಂದು ಬಿಳಿ ತಳಿ. ಇವೆರಡನ್ನು ಕೂಡಿಸಿದಾಗ ಹುಟ್ಟುವ ಹೆಣ್ಣಿಲಿಗಳಿಗೆ ವಯಸ್ಸಾದಂತೆ ಮನುಷ್ಯರ ಲೂಪಸ್ ಹೋಲುವ ಕಾಯಿಲೆ ತಾನಾಗಿಯೇ ಬರುತ್ತದೆ. ಇದು 1960ರ ದಶಕದಿಂದಲೇ ಗೊತ್ತಿತ್ತು. 2003ರಲ್ಲಿ ಅಮೆರಿಕದ ಮೊಂಟಾನಾ ವಿಶ್ವವಿದ್ಯಾಲಯದ ತಂಡ ಇದೇ ವಂಶದ ಇನ್ನೊಂದು ತಳಿಗೆ ಸಿಲಿಕಾ ಕೊಟ್ಟು, ಕಾಯಿಲೆ ಬೇಗ ಬರುವುದನ್ನು ಕಂಡಿತು. ಆಮೇಲೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಾಲಯ ನಾನು ಮೊದಲು ಹೇಳಿದ ಮಿಶ್ರತಳಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ವಿಧಾನ ಸರಳ: ಇಲಿಯನ್ನು ಅರಿವಳಿಕೆಯಲ್ಲಿಟ್ಟು, ಲವಣದ್ರಾವಣದಲ್ಲಿ ಕಲಸಿದ 1 ಮಿಲಿಗ್ರಾಂ ಸಿಲಿಕಾವನ್ನು ಹನಿಯಾಗಿ ಮೂಗಿಗೆ ಬಿಡುತ್ತಾರೆ. ವಾರಕ್ಕೊಮ್ಮೆ, ನಾಲ್ಕು ವಾರ. ಹೋಲಿಕೆಯ ಗುಂಪಿಗೆ ಸಿಲಿಕಾ ಇಲ್ಲದ ದ್ರಾವಣ. ಆಮೇಲೆ ಏನನ್ನೂ ಕೊಡದೆ ಕಾಯುತ್ತಾರೆ.

ಆ ಕಾಯುವಿಕೆಯಲ್ಲಿ ಕಾಣುವುದು ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುತ್ತದೆ. ಶ್ವಾಸಕೋಶದ ರಕ್ತನಾಳ, ಗಾಳಿನಾಳಗಳ ಸುತ್ತ ಕಡುನೇರಳೆ ಚುಕ್ಕೆಗಳು ಮೂಡಿ ದಟ್ಟವಾಗುತ್ತವೆ. ಮೊದಲ ನೋಟಕ್ಕೆ ಸಾಮಾನ್ಯ ಉರಿಯೂತ ಎನಿಸುತ್ತದೆ. ಗುರುತುಬಣ್ಣ ಹಾಕಿ ನೋಡಿದರೆ ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳು ಒಂದು ಕಡೆ, ಟಿ ಕೋಶಗಳು ಅವುಗಳ ಪಕ್ಕ, ಅಂಚಿನಲ್ಲಿ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು. ಅಂದರೆ ಕತ್ತಿನಲ್ಲೋ ಕಂಕುಳಲ್ಲೋ ಇರಬೇಕಾದ ದುಗ್ಧರಸ ಗ್ರಂಥಿಯ ರಚನೆಯೇ ಶ್ವಾಸಕೋಶದೊಳಗೆ ಹೊಸದಾಗಿ ಕಟ್ಟಿಕೊಂಡಿದೆ. ಉಸಿರಾಡಲು ಇರುವ ಅಂಗ ಪ್ರತಿಕಾಯಗಳ ಕಾರ್ಖಾನೆಯಾಗಿದೆ. ಆ ಪ್ರತಿಕಾಯಗಳು ಸ್ವಂತ ಡಿ.ಎನ್.ಎ.ಯ ವಿರುದ್ಧ ತಯಾರಾದವು. ರಕ್ತಕ್ಕೆ ಇಳಿದು ಮೂತ್ರಪಿಂಡದ ಸೋಸುವ ಗೊಂಚಲುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂತ್ರಕ್ಕೆ ಅದ್ದಿದ ಪಟ್ಟಿ ಬಣ್ಣ ಬದಲಿಸುತ್ತದೆ, ಪ್ರೋಟೀನ್ ಸೋರುತ್ತಿದೆ. ಸಿಲಿಕಾ ಕಾಣದ ಇಲಿಗಳಿಗೆ ತಿಂಗಳುಗಳ ನಂತರ ಬರಬೇಕಾದ ಕಾಯಿಲೆ ಇವುಗಳಿಗೆ ಆಗಲೇ ಬಂದಿರುತ್ತದೆ.

ಧೂಳು ಹೋದದ್ದು ಮೂಗಿನಿಂದ, ಕೆಟ್ಟದ್ದು ಮೂತ್ರಪಿಂಡ. ನಡುವಿನ ಹೆಜ್ಜೆಗಳನ್ನು ವಾರವಾರ ಎಣಿಸಿ ತೋರಿಸಲು ಇಲಿಯಿಂದ ಸಾಧ್ಯವಾಯಿತು. ಕಾರ್ಮಿಕ ಆಸ್ಪತ್ರೆಗೆ ಬರುವ ಹೊತ್ತಿಗೆ ಎಲ್ಲ ಹೆಜ್ಜೆಗಳೂ ಮುಗಿದಿರುತ್ತವೆ.

ಪ್ರಶ್ನೆ: ಲೂಪಸ್ ಬರಲೆಂದೇ ಬೆಳೆಸಿದ ಇಲಿಗೆ ಲೂಪಸ್ ಬಂದರೆ ಅದರಲ್ಲೇನು ವಿಶೇಷ? ನಾವು ಅಂಥ ತಳಿಯವರಲ್ಲವಲ್ಲ.

ಉತ್ತರ: ಗಟ್ಟಿಯಾದ ಆಕ್ಷೇಪ ಇದು. ಒಂದು ತಳಿಯ ಇಲಿಗಳೆಲ್ಲ ಅವಳಿಗಳಿದ್ದಂತೆ, ಮನುಷ್ಯರು ಹಾಗಿಲ್ಲ. ಇದಕ್ಕೆ ಉತ್ತರ ಹುಡುಕಲೆಂದೇ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರು ಡೈವರ್ಸಿಟಿ ಔಟ್‌ಬ್ರೆಡ್ ಎಂಬ ಇಲಿಗಳನ್ನು ಬಳಸಿದರು. ಎಂಟು ಮೂಲ ತಳಿಗಳನ್ನು ಬೆರೆಸಿ ಬೆಳೆಸಿದ ಇವುಗಳಲ್ಲಿ ಒಂದು ಇಲಿ ಇನ್ನೊಂದರಂತಿರುವುದಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಂದೇ ಅಳತೆಯಲ್ಲಿ ಸಿಲಿಕಾ ಪಡೆದ ಇಲಿಗಳ ನಡುವೆಯೇ ಕೆಲವುಗಳ ಶ್ವಾಸಕೋಶ ತೀವ್ರವಾಗಿ ಕೆಟ್ಟಿತ್ತು, ಕೆಲವು ಬಹುಮಟ್ಟಿಗೆ ತಪ್ಪಿಸಿಕೊಂಡಿದ್ದವು. ಸ್ವಂತ ದೇಹದ ವಿರುದ್ಧದ ಪ್ರತಿಕಾಯಗಳೂ ಕೆಲವುಗಳಲ್ಲಿ ಬಂದವು, ಕೆಲವುಗಳಲ್ಲಿ ಇಲ್ಲ.

ಒಂದೇ ಶೆಡ್ಡಿನಲ್ಲಿ ಒಂದೇ ಧೂಳು ಕುಡಿದವರ ನಡುವೆ ನಾವು ನೋಡುವುದೂ ಇದನ್ನೇ. ಇಲ್ಲಿ ಒಂದು ಅಪಾಯಕಾರಿ ವಾದ ಹುಟ್ಟುತ್ತದೆ: ‘ಪಕ್ಕದವನಿಗೆ ಏನೂ ಆಗಿಲ್ಲ, ಆದ್ದರಿಂದ ತಪ್ಪು ಧೂಳಿನದಲ್ಲ, ನಿನ್ನ ಮೈಯದು.’ ಇದನ್ನು ನಾನು ಪೂರ್ತಿ ತಿರಸ್ಕರಿಸುತ್ತೇನೆ. ಯಾರ ಮೈ ಯಾವ ಬಗೆಯದೆಂದು ಮೊದಲೇ ಹೇಳುವ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಎಲ್ಲಕ್ಕಿಂತ ಸುಲಭವಾಗಿ ಕೆಡುವ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಧೂಳನ್ನು ತಡೆಯಬೇಕು.

ಇಲಿಗೂ ನಮಗೂ ವ್ಯತ್ಯಾಸಗಳಿವೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದರ ಗಾಳಿನಾಳಗಳ ಕವಲು ನಮ್ಮಂತಿಲ್ಲ. ವರ್ಷಗಳಲ್ಲಿ ಇಳಿಯಬೇಕಾದ ಧೂಳನ್ನು ಅದಕ್ಕೆ ವಾರಗಳಲ್ಲಿ ಕೊಡುತ್ತೇವೆ. ಇಲಿಯ ಫಲಿತಾಂಶವೊಂದೇ ಇದ್ದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಕಲ್ಲುಕುಟಿಗರು, ಗಣಿಯವರು ಮೊದಲು ಕಾಯಿಲೆ ಬಿದ್ದರು. ಇಲಿ ಆಮೇಲೆ ಬಂದು ಅವರ ಮಾತು ನಿಜವೆಂದಿತು.

ಪ್ರಶ್ನೆ: ಮನುಷ್ಯರು ಮಾಡಿದ ಧೂಳಿಗೆ ಮೂಕ ಪ್ರಾಣಿಯನ್ನು ಬಲಿಕೊಡುವುದು ಸರಿಯೇ? ನಿಮಗೆ ಏನೂ ಅನ್ನಿಸುವುದಿಲ್ಲವೇ?

ಉತ್ತರ: ಅನ್ನಿಸುತ್ತದೆ. ತೂಕ ನೋಡಲು ಅಂಗೈಗೆ ತೆಗೆದುಕೊಂಡ ಇಲಿ ಹಿಂದಿನ ವಾರಕ್ಕಿಂತ ಹಗುರವಾಗಿದ್ದರೆ, ಬೆನ್ನು ಬಾಗಿಸಿ, ರೋಮ ಕೆದರಿಕೊಂಡು ಮೂಲೆಯಲ್ಲಿ ಕೂತಿದ್ದರೆ ಅದು ನರಳುತ್ತಿದೆ ಎಂದು ನನಗೆ ಗೊತ್ತು. ಎಷ್ಟು ತೂಕ ಇಳಿದರೆ ಪ್ರಯೋಗ ನಿಲ್ಲಿಸಿ ನೋವಿಲ್ಲದೆ ಅದರ ಜೀವ ತೆಗೆಯಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರುತ್ತೇವೆ. ಅಂಕಿಅಂಶ ಅಪೂರ್ಣವಾಗುತ್ತದೆಂದು ಆ ಗೆರೆಯನ್ನು ದಾಟಿಸಲು ನಾನು ಯಾರಿಗೂ ಬಿಡುವುದಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಮೂರು ಕರ್ತವ್ಯಗಳನ್ನು ಹೇಳಿದರು: ಬೇರೆ ದಾರಿಯಿದ್ದರೆ ಪ್ರಾಣಿಯನ್ನು ಬಳಸಬೇಡ, ಬಳಸುವುದಾದರೆ ಕಡಿಮೆ ಬಳಸು, ನೋವನ್ನು ಕಡಿಮೆ ಮಾಡು. ಮ್ಯಾಕ್ರೋಫೇಜ್ ಸಾಯುವ ಬಗೆಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲೇ ನೋಡಬಹುದು. ಅದಕ್ಕೆ ಜೀವಂತ ಇಲಿ ಬೇಡ. ಶ್ವಾಸಕೋಶದಲ್ಲಿ ಹುಟ್ಟಿದ ಪ್ರತಿಕಾಯ ಮೂತ್ರಪಿಂಡಕ್ಕೆ ಹೋಗುವುದನ್ನು ತಟ್ಟೆಯಲ್ಲಿ ನೋಡಲಾಗದು. ಇಷ್ಟಾಗಿಯೂ ಒಂದು ಮಾತು ನನ್ನನ್ನು ಕಾಡುತ್ತದೆ. ಸಿಲಿಕಾ ಕೊಲ್ಲುತ್ತದೆ ಎಂದು ತಿಳಿಯಲು ಇನ್ನು ಒಂದು ಇಲಿಯೂ ಬೇಕಾಗಿಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹಾಕ್ಸ್ ನೆಸ್ಟ್ ಸುರಂಗ ತೋಡುವಾಗ ಒಣ ಕೊರೆತದ ಧೂಳಿಗೆ ನೂರಾರು ಕಾರ್ಮಿಕರು ಸತ್ತರು. ಅಷ್ಟು ಸಾಕ್ಷ್ಯ ಸಾಕಿತ್ತು. ನಾವು ಇಲಿಗಳನ್ನು ಬಳಸಬೇಕಾದದ್ದು ಚಿಕಿತ್ಸೆ ಹುಡುಕಲು, ಕಾಯಿಲೆಯನ್ನು ಬೇಗ ಹಿಡಿಯುವ ಗುರುತು ಕಂಡುಕೊಳ್ಳಲು ಮಾತ್ರ.

ಪ್ರಶ್ನೆ: ಮೀನೆಣ್ಣೆ ತಿಂದ ಇಲಿಗಳಿಗೆ ಸಿಲಿಕಾ ಏನೂ ಮಾಡಲಿಲ್ಲ ಎಂದು ಓದಿದೆ. ಕ್ಯಾಪ್ಸೂಲ್ ತೆಗೆದುಕೊಳ್ಳಲೇ?

ಉತ್ತರ: ನೀವು ಓದಿದ್ದು ಮಿಷಿಗನ್‌ನ ಅದೇ ಪ್ರಯೋಗಾಲಯದ ಕೆಲಸ. ಆಹಾರದಲ್ಲಿ ಡಿ.ಎಚ್.ಎ. ಎಂಬ ಒಮೆಗಾ-3 ಕೊಬ್ಬು ಬೆರೆಸಿ ಕೊಟ್ಟ ಇಲಿಗಳಲ್ಲಿ ಆ ನೇರಳೆ ಚುಕ್ಕೆಗಳೂ ಪ್ರತಿಕಾಯಗಳೂ ಬಹಳ ಕಡಿಮೆಯಾದವು. ಇದು ಆಶಾದಾಯಕ. ಆದರೆ ಅವುಗಳಿಗೆ ಆ ಆಹಾರ ಕೊಟ್ಟದ್ದು ಸಿಲಿಕಾ ಒಳಹೋಗುವುದಕ್ಕೆ ಮೊದಲೇ. ಕ್ಯಾಪ್ಸೂಲ್ ನುಂಗಿ ಒಣ ಕಟಿಂಗ್ ಮುಂದುವರಿಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಶುರುಮಾಡಬೇಡಿ.

ಪ್ರಶ್ನೆ: ಸಮುದ್ರತೀರದ ಮರಳೂ ಸಿಲಿಕಾ ಅಲ್ಲವೇ? ಮಕ್ಕಳು ಆಡಬಹುದೇ?

ಉತ್ತರ: ಧಾರಾಳವಾಗಿ ಆಡಲಿ. ಮರಳಿನ ಕಣ ಗಾಳಿಗೂಡಿಗೆ ಇಳಿಯಲಾರದಷ್ಟು ದೊಡ್ಡದು, ಅಲೆಗಳಲ್ಲಿ ಸವೆದು ನಯವಾದದ್ದು. ಕೆಡುಕು ಇರುವುದು ಸ್ಫಟಿಕವನ್ನು ಹೊಸದಾಗಿ ಒಡೆದಾಗ, ಕೊರೆದಾಗ, ಅರೆದಾಗ ಏಳುವ, ಕಣ್ಣಿಗೆ ಕಾಣದ ಪುಡಿಯಲ್ಲಿ. ಒಡೆದ ಮೇಲ್ಮೈಯಲ್ಲಿ ಮೂಡುವ ಸೈಲನಾಲ್ ಎಂಬ (ಸಿಲಿಕಾನ್‌ಗೆ ಅಂಟಿದ ಆಮ್ಲಜನಕ, ಜಲಜನಕಗಳ) ಒಂದು ಬಗೆಯ ಪರಮಾಣು ಗುಂಪುಗಳೇ ಪೊರೆಯನ್ನು ಹರಿಯುತ್ತವೆ ಎಂದು 2020ರಲ್ಲಿ ಇಟಲಿಯ ಟ್ಯೂರಿನ್ನಿನ ಸಂಶೋಧಕರು ತಮ್ಮ ಸಹವರ್ತಿಗಳೊಡನೆ ತೋರಿಸಿದರು.

ಪ್ರಶ್ನೆ: ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲು ಕತ್ತರಿಸುತ್ತೇನೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಸಾಕೇ?

ಉತ್ತರ: ಸಾಲದು. ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅಮೃತಶಿಲೆಯಲ್ಲಿ ಸಿಲಿಕಾ ಅತ್ಯಲ್ಪ, ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಶೇಕಡಾ 30ರ ಆಸುಪಾಸು. ಸ್ಫಟಿಕದ ಪುಡಿಯನ್ನು ರಾಳದಲ್ಲಿ ಅಚ್ಚುಹಾಕಿದ ಕೃತಕ ಕಲ್ಲಿನಲ್ಲಿ ಶೇಕಡಾ 90ನ್ನೂ ಮೀರಬಹುದು. ಇಸ್ರೇಲ್, ಸ್ಪೇನ್, ಆಸ್ಟ್ರೇಲಿಯಾಗಳಲ್ಲಿ ಈ ಕಲ್ಲು ಕತ್ತರಿಸಿದ ಎಳೆಯ ವಯಸ್ಸಿನವರು ಕೆಲವೇ ವರ್ಷಗಳಲ್ಲಿ ಶ್ವಾಸಕೋಶ ಕಳೆದುಕೊಂಡರು. ಇಸ್ರೇಲಿನ ವೈದ್ಯರು ಇಂಥ ರೋಗಿಗಳಲ್ಲಿ ಸ್ವಯಂನಿರೋಧಕ ಕಾಯಿಲೆಗಳನ್ನೂ ಕಂಡರು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು.

ಅಮೆರಿಕದ 2016ರ ನಿಯಮದಲ್ಲಿ ಎಂಟು ಗಂಟೆಯ ಪಾಳಿಗೆ ಒಂದು ಘನ ಮೀಟರ್ ಗಾಳಿಯಲ್ಲಿ ಸರಾಸರಿ 50 ಮೈಕ್ರೋಗ್ರಾಂ ಮಿತಿ. ಅಷ್ಟು ಧೂಳು ಗಾಳಿಯಲ್ಲಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಮೋಡದಂತೆ ಕಾಣುತ್ತಿದ್ದರೆ ಮಿತಿ ದಾಟಿ ಬಹಳ ದೂರ ಬಂದಿದ್ದೀರಿ ಎಂದರ್ಥ. ಅಲಗಿನ ಮೇಲೆ ಸದಾ ನೀರು ಬೀಳಬೇಕು. ಕತ್ತರಿಸುವ ಜಾಗದಲ್ಲೇ ಧೂಳು ಹೀರುವ ಯಂತ್ರ ಬೇಕು. ಇವೆರಡೂ ಇದ್ದ ಮೇಲೆ, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಅಥವಾ ಅದಕ್ಕೂ ಮೇಲಿನ ಮುಖಗವಸು. ಮುಖಗವಸು ಮೊದಲಲ್ಲ, ಕೊನೆಯದು. ಒಣ ಪೊರಕೆಯಿಂದ ಗುಡಿಸುವುದು, ಕಂಪ್ರೆಸರ್ ಗಾಳಿಯಿಂದ ಬಟ್ಟೆ ಊದುವುದು ಬೇಡ. ನೀರು, ಹೀರುವ ಯಂತ್ರ ಇವನ್ನು ಒದಗಿಸಬೇಕಾದವರು ಕೆಲಸ ಕೊಡುವವರು. ಅವನ್ನು ಕೇಳುವುದು ಹಠವಲ್ಲ.

ಪ್ರಶ್ನೆ: ನಮ್ಮ ಮನೆಯವರು ಕಲ್ಲಿನ ಕೆಲಸ ಬಿಟ್ಟು ಬಹಳ ಕಾಲವಾಯಿತು. ಇನ್ನು ಭಯವಿಲ್ಲ ಅಲ್ಲವೇ? ಅವರ ಹಳೆಯ ಕೆಲಸದ ಬಟ್ಟೆಗಳು ಇನ್ನೂ ಮೂಟೆಯಲ್ಲಿವೆ.

ಉತ್ತರ: ಬಿಟ್ಟದ್ದು ಒಳ್ಳೆಯದಾಯಿತು, ಅದರಿಂದ ಖಂಡಿತ ಲಾಭವಿದೆ. ಆದರೆ ಒಳಗೆ ಇಳಿದ ಕಣ ಕರಗಿಲ್ಲ. ಇಲಿಗಳಲ್ಲಿ ಕೊನೆಯ ಹನಿ ಕೊಟ್ಟು ವಾರಗಳಾದ ಮೇಲೂ ಪ್ರತಿಕಾಯ ಏರುತ್ತಲೇ ಹೋಗುತ್ತದೆ. ಮನುಷ್ಯರಲ್ಲೂ ಕೆಲಸ ಬಿಟ್ಟ ಮೇಲೆ ಸಿಲಿಕೋಸಿಸ್ ಮುಂದುವರಿಯಬಹುದು, ಹೊಸದಾಗಿಯೂ ಕಾಣಿಸಿಕೊಳ್ಳಬಹುದು. ಸಿಲಿಕಾ ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಸಾರಿದೆ. ಆದ್ದರಿಂದ ಅವರು ಆರಾಮವಾಗಿದ್ದರೂ ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ, ಉಸಿರಿನ ಪರೀಕ್ಷೆ, ಮೂತ್ರದ ಪರೀಕ್ಷೆ ಮಾಡಿಸಿ. ಒಣ ಕೆಮ್ಮು, ತೂಕ ಇಳಿಯುವುದು, ಬೆರಳಿನ ಚರ್ಮ ಬಿಗಿಯುವುದು, ಪಾದ ಊದುವುದು, ಮೂತ್ರ ನೊರೆನೊರೆಯಾಗುವುದು ಕಂಡರೆ ವರ್ಷ ತುಂಬುವವರೆಗೆ ಕಾಯಬೇಡಿ.

ಮೂಟೆಯನ್ನು ಬಿಚ್ಚಿ ಕೊಡವಬೇಡಿ. ಬಟ್ಟೆಗಳನ್ನು ಇಡಬೇಕೆಂದಿದ್ದರೆ ಮೂಟೆ ಸಮೇತ ಬಕೆಟ್ ನೀರಿನಲ್ಲಿ ಮುಳುಗಿಸಿ, ನೀರೊಳಗೇ ಗಂಟು ಬಿಚ್ಚಿ, ಮನೆಯ ಉಳಿದ ಬಟ್ಟೆಗಳೊಡನೆ ಸೇರಿಸದೆ ಒಗೆಯಿರಿ.